ಗಿಣಿಬಟ್ಟೆ

ಹನಕೆರೆಯ ಬೋರಯ್ಯನ ಮನೆತನದಲ್ಲಿ ಯಾರೇ ಸಾಯಲಿ, ಕೊನೆಯ ಮಾತು ಅವನ ತಾಯಿ ಚಿಕ್ಕತಾಯಮ್ಮನದೇ. ಸಾಯುವವರು ಏನು ಹೇಳಿ ಸತ್ತರೆಂಬುದನ್ನು ಮಕ್ಕಳು ಆಮೇಲೆ ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು. ಚಿಕ್ಕತಾಯಮ್ಮ ಹೇಳುತ್ತಿದ್ದುದಕ್ಕೆ ಮಾತ್ರ ಊರೇ ಸಾಕ್ಷಿ. ಹೆಣವನ್ನು ಗುಂಡಿಗೆ ಇಳಿಸುವ ಮುಂಚೆ ಅವಳು ಅಂಚಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಟ್ಟೆ ತಗೀರ್ಲಾ" ಎನ್ನುವಳು. ಅಳುತ್ತಿದ್ದವರು ಅಳು ನಿಲ್ಲಿಸುವರು. ನಾಲ್ವರು ನಾಲ್ಕು ಮೂಲೆ ಹಿಡಿದು ಹೆಣದ ಮೇಲಿನ ಗಿಣಿಬಟ್ಟೆಯನ್ನು ಎತ್ತಿ, ಮಡಿಸಿ, ಅವಳ ಕೈಗೆ ಕೊಟ್ಟ ಮೇಲೆಯೇ ಮಣ್ಣು.

ಗಿಣಿಬಟ್ಟೆ ಎಂದರೆ ಕುಂಕುಮದ ಬಣ್ಣದ ರೇಷ್ಮೆ. ಅಂಚಿನುದ್ದಕ್ಕೂ ಹಸಿರು ದಾರದ ಗಿಣಿಗಳ ಸಾಲು, ನಡುವೆ ಹೂಬಿಟ್ಟ ಒಂದು ಮರ, ಮರದ ಎರಡು ಪಕ್ಕದಲ್ಲಿ ಕತ್ತು ತಿರುಗಿಸಿ ಒಂದನ್ನೊಂದು ನೋಡುವ ನವಿಲುಗಳು. ಎಲ್ಲವೂ ಸೂಜಿಯ ಕೆಲಸ. ಅರಮನೆಯ ಲಾಯಕ್ಕೆ ಹುಲ್ಲು ಹಾಕುತ್ತಿದ್ದ ಮುತ್ತಜ್ಜನಿಗೆ ಇನಾಮಾಗಿ ಬಂದದ್ದೆಂದು ಮನೆಯವರು ಹೇಳುತ್ತಿದ್ದರು. ಇನಾಮಲ್ಲ, ಖಾಲಿ ಹುಲ್ಲುಗಾಡಿಯಲ್ಲಿ ತಾನಾಗಿಯೇ ಹತ್ತಿ ಬಂದದ್ದೆಂದು ದಾಯಾದಿಗಳು. ಹೇಗೆ ಬಂದರೂ ಬಂದ ಮೇಲೆ ಅದಕ್ಕೆ ಎರಡು ಕೆಲಸ ಬಿದ್ದವು. ಆ ಮನೆಯ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ನಾಲ್ವರು ಮುತ್ತೈದೆಯರು ಅದನ್ನು ಹೆಣ್ಣಿನ ತಲೆಯ ಮೇಲೆ ಹಿಡಿಯಬೇಕು. ಆ ಮನೆಯವರು ಸತ್ತರೆ ಮನೆಯಿಂದ ಗುಂಡಿಯವರೆಗೆ ಅದನ್ನೇ ಹೊದಿಸಬೇಕು. ಮದುವೆಗೂ ಸಾವಿಗೂ ಒಂದೇ ಬಟ್ಟೆಯೇ ಎಂದು ಹೊಸ ಬೀಗರು ಬೆಚ್ಚಿಬಿದ್ದರೆ ಚಿಕ್ಕತಾಯಮ್ಮ, "ಎರಡ್ರಲ್ಲೂ ಮನೆ ಬುಟ್ಟೋಗೋದೇ ತಾನೆ?" ಎನ್ನುತ್ತಿದ್ದಳು.

ಬಟ್ಟೆಯ ಟ್ರಂಕಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ನೀರು ಸೋಕಿಸುವಂತಿಲ್ಲ; ಪ್ರತಿ ಸಲವೂ ಸಾಂಬ್ರಾಣಿ ಹೊಗೆ ಕೊಟ್ಟು, ಬೇವಿನ ಸೊಪ್ಪಿಟ್ಟು, ಕಂದು ಬಣ್ಣದ ಕರಿ ಅಂಚಿನ ಒಂದು ಹಳೇ ನೂಲಿನ ಸೀರೆಯಲ್ಲಿ ಸುತ್ತಿ ಒಳಗಿಡುವಳು. "ಒಳ್ಳೇ ಬಟ್ಟೇಲಿ ಸುತ್ತಬಾರ್ದಾ ಅತ್ತೆ?" ಎಂದು ಸೊಸೆ, ಬೋರಯ್ಯನ ಹೆಂಡತಿ ದೇವಿರಮ್ಮ, ಒಮ್ಮೆ ಕೇಳಿದ್ದಳು. "ರೇಸ್ಮೆಗೆ ನೂಲೇ ಕಾವಲು ಕಣೆ" ಎಂಬ ಉತ್ತರ ಬಂದಿತ್ತು. ಮದುವೆಗಳಲ್ಲಿ ಬಟ್ಟೆಯನ್ನು ತೆಗೆದುಕೊಟ್ಟು ಅವಳು ಉಗ್ರಾಣ ಸೇರುವಳು. ಮುಹೂರ್ತದ ಹೊತ್ತಿಗೆ ಚಪ್ಪರದಲ್ಲಿ ಅವಳನ್ನು ಕಂಡವರೇ ಇಲ್ಲ. "ನಾನು ಅಲ್ಲಿ ನಿಂತ್ರೆ ಇಲ್ಲಿ ಬೆಲ್ಲ ಉಳೀತದಾ?" ಎನ್ನುವಳು. ಜನ ಅವಳ ಜವಾಬ್ದಾರಿಯನ್ನು ಹೊಗಳುತ್ತಿದ್ದರು. ದೇವಿರಮ್ಮನೂ ಹೊಗಳಿದ್ದಳು, ಆಗಾಗ, ಹಲ್ಲು ಕಚ್ಚಿಕೊಂಡು.

ಏಕೆಂದರೆ ಆ ಮನೆಗೆ ಬಂದು ತಲೆ ನರೆತರೂ ದೇವಿರಮ್ಮನಿಗೆ ಆ ಟ್ರಂಕಿನ ಮುಚ್ಚಳ ಎತ್ತುವ ಭಾಗ್ಯವಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ. ಮಗಳು ಗಗನಳಿಗೆ ಹಲಗೂರಿನ ಗಂಡು ಗೊತ್ತಾಗಿತ್ತು, ಶ್ರಾವಣದಲ್ಲಿ ಮದುವೆ. ಆ ದಿನವಾದರೂ ಗಿಣಿಬಟ್ಟೆಯನ್ನು ತನ್ನ ಕೈಯಾರೆ ತೆಗೆದು ತನ್ನ ಮಗಳ ಮೇಲೆ ಹಿಡಿಸಬೇಕು.

ಆಷಾಢದ ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಉಪ್ಸಾರಿಗೆ ಖಾರ ಸಾಲದೆಂದು ಸೊಸೆಯನ್ನು ಬಯ್ದು, ಕೈ ತೊಳೆಯಲು ಹೋದವಳು ಬಚ್ಚಲ ಕಟ್ಟೆಯ ಮೇಲೆ ಕೂತು ಹಾಗೇ ವಾಲಿದಳು. ಎಂಬತ್ತು ದಾಟಿದ ಜೀವ. ಊರು ಮೆಚ್ಚುವ ಸಾವು. ನಾಲೆಯ ಪಕ್ಕದ ತೆಂಗಿನ ತೋಟದಲ್ಲಿ, ಗಂಡನ ಗುಂಡಿಯ ಮಗ್ಗುಲಲ್ಲೇ ಜಾಗ. ಗಿಣಿಬಟ್ಟೆ ಹೊದಿಸಿ ತಂದರು. ಗುಂಡಿಯ ಅಂಚಿನಲ್ಲಿ ಎಲ್ಲರೂ ಯಾರಿಗೋ ಕಾಯುವಂತೆ ಒಂದು ಗಳಿಗೆ ನಿಂತರು. ಯಾರಿಗೆಂಬುದು ಯಾರಿಗೂ ಹೊಳೆಯಲಿಲ್ಲ. ಮೋಡ ಕಟ್ಟುತ್ತಿತ್ತು.

"ಬುಡ್ಲಾ?" ಎಂದ ಗುಂಡಿ ತೋಡಿದ್ದ ಕೆಂಪಸಿದ್ದಯ್ಯ.

"ಬುಡ್ರಪ್ಪ, ಮಳೆ ಬತ್ತದೆ" ಎಂದ ದಾಯಾದಿ ಹಿರಿಯ ಅಂಕಯ್ಯ.

ಬಿಟ್ಟರು. ಉಪ್ಪು ಸುರಿದರು, ಮಣ್ಣೆಳೆದರು, ಸ್ನಾನ ಮಾಡಿದರು.

ಆ ದಿನ ಒಲೆ ಹಚ್ಚುವಂತಿರಲಿಲ್ಲ. ನೆಂಟರ ಮನೆಯಿಂದ ಅನ್ನ, ಹುರುಳಿಸಾರು ಬಂತು. ಗಂಡಸರು ಪಡಸಾಲೆಯಲ್ಲಿ ಎಲೆಯ ಮುಂದೆ ಕೂತಿದ್ದರು. ದೇವಿರಮ್ಮ ಅತ್ತೆಯ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಟ್ರಂಕು ತೆರೆದಳು. ಒಳಗೆ ನೂಲಿನ ಸೀರೆ ಬಾಯಿ ತೆರೆದು ಬಿದ್ದಿತ್ತು. ಸಾಂಬ್ರಾಣಿಗೆ ಪಕ್ಕದ ಮನೆಯಿಂದ ಕೆಂಡ ತಾ ಎಂದು ಗಗನಳಿಗೆ ಹೇಳಿ ಹೊರಗೆ ಬಂದಳು.

"ಲೋ ಸ್ವರೂಪ, ಬಟ್ಟೆ ಎಲ್ಲಿಟ್ಟೆ?"

ಸ್ವರೂಪ್ ಅವಳ ಮಗ, ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ತಾಕು ನೋಡಿಕೊಳ್ಳುವ ಕೆಲಸ. "ಯಾವ ಬಟ್ಟೆ?" ಎಂದ.

"ಗಿಣಿಬಟ್ಟೆ ಕಣ್ಲಾ. ಹೊಗೆ ಕೊಡ್ಬೇಕು."

"ಅಪ್ಪನ ಕೈಲಿತ್ತೇನೋ."

"ನನ್ ಕೈಲಿ ಮಡಕೆ ಇತ್ತಲ್ಲೋ" ಎಂದ ಬೋರಯ್ಯ. "ಅಂಕಯ್ಯ ಚಿಕ್ಕಪ್ಪ ಇಸ್ಕೊಂಡಿರ್ಬೇಕು."

ಅಂಕಯ್ಯ ತುತ್ತನ್ನು ನುಂಗಿದ. "ನಾನ್ಯಾಕ್ಲಾ ಇಸ್ಕಳ್ಳಿ? ತಗೀರಿ ಅಂತ ಯಾರಂದ್ರು?"

"ಯಾರಂದ್ರು?" ಎಂದ ಬೋರಯ್ಯ ಅಕ್ಕಪಕ್ಕ ನೋಡಿ.

ಕೆಂಡದ ತಟ್ಟೆ ಹಿಡಿದು ಬಂದ ಗಗನ ಬಾಗಿಲಲ್ಲೇ ನಿಂತಳು. "ಅದು ಅಜ್ಜಿ ತಾನೆ ಅನ್ನೋದು?"

ಪಡಸಾಲೆಯ ಕೈಗಳೆಲ್ಲ ಎಲೆಗೂ ಬಾಯಿಗೂ ನಡುವೆ ನಿಂತವು. ಹೊರಗೆ ಮಳೆ ಹಿಡಿಯಿತು.

"ಅಯ್ಯೋ ಸಿವನೆ" ಎಂದ ಅಂಕಯ್ಯ. ಆಮೇಲೆ, ಎಲ್ಲರ ಮುಖವೂ ತನ್ನ ಕಡೆ ತಿರುಗುವುದಕ್ಕೆ ಮುಂಚೆಯೇ, ಅವನು ದೇವಿರಮ್ಮನ ಕಡೆ ತಿರುಗಿದ. "ನೀನು ಹಿರೇ ಸೊಸೆ ಕಣಮ್ಮ. ಅತ್ತೆ ಬಾಯಿ ನಿಂತ್ಮೇಲೆ ಆ ಮಾತು ನಿಂದಲ್ವಾ?"

ಇಷ್ಟು ವರ್ಷ ಆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ತನ್ನ ಮಾತೆಂದು ತಿಳಿದಿದ್ದ ದೇವಿರಮ್ಮ ಕಂಬ ಹಿಡಿದು ಕೂತಳು.

ಮಳವಳ್ಳಿಗೆ ಕೊಟ್ಟಿದ್ದ ಬೋರಯ್ಯನ ಅಕ್ಕ ಇಂದ್ರಮ್ಮನಿಗೆ ಈ ಸುದ್ದಿ ಸಿಕ್ಕಿರಲಿಲ್ಲ. ಅವಳ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕೆಂದು ಮಣ್ಣಾದ ಕೂಡಲೇ ಬಸ್ಸು ಹತ್ತಿದ್ದಳು. ಹುಳಕ್ಕೆ ಯಾರ ಸಾವೂ ಗೊತ್ತಾಗುವುದಿಲ್ಲ. ಹಾಲುತುಪ್ಪದ ದಿನ ಬಂದವಳು ಗುಂಡಿಗೆ ಹಾಲು ಬಿಟ್ಟು, ಮನೆಗೆ ಬಂದು, ಕಾಫಿ ಲೋಟ ಹಿಡಿದು ಕೂತಾಗ ಬೋರಯ್ಯ ಗೋಡೆಗೆ ಹೇಳುವಂತೆ ಹೇಳಿದ.

"ಏನಂದೆ?" ಎಂದಳು ಇಂದ್ರಮ್ಮ. "ಮಣ್ಣಿಗಾ? ಗಿಣಿಬಟ್ಟೇನಾ? ಈಗ ನಾನು ಹಾಲು ಬುಟ್ಟಿದ್ದು ಅದ್ರ ಮೇಲಾ?"

"ಮರ್ತೋಯ್ತು ಕಣಕ್ಕ."

"ಮರೆಯಾಕೆ ಅದೇನು ಕೊಡೆಯಾ ಬಸ್ಸಲ್ಲಿ ಬುಟ್ಟು ಬರಾಕೆ? ಲೇ ದೇವೀರಿ, ನೀನೇನು ಮಾಡ್ತಿದ್ದೆ?"

"ಅಳ್ತಿದ್ದೆ ಅತ್ಗೆ."

"ಅತ್ತೆ ಸತ್ರೆ ಅಷ್ಟು ಅಳೋ ಸೊಸೇನ ನಾನು ಎಲ್ಲೂ ನೋಡಿಲ್ಲ ಬುಡು."

ಅದು ಸುಳ್ಳಲ್ಲವೆಂಬುದು ದೇವಿರಮ್ಮನಿಗೂ ಗೊತ್ತಿತ್ತು. ಗುಂಡಿಯ ಬಳಿ ಅವಳು ಸೆರಗು ಮುಖಕ್ಕೆ ಒತ್ತಿಕೊಂಡು ಲೆಕ್ಕ ಹಾಕುತ್ತಿದ್ದದ್ದು ತಿಥಿಗೆ ಬರುವವರಿಗೆ ಪಾತ್ರೆ ಎಲ್ಲಿ ತರಿಸಬೇಕೆಂದು.

ಆ ವಾರ ಮನೆಯಲ್ಲಿ ಪ್ರತಿ ಊಟವೂ ಒಂದು ವಿಚಾರಣೆಯಾಯಿತು. ಮುದ್ದೆ ಬಡಿಸುವಾಗ ಸ್ವರೂಪ್ ಅಪ್ಪನನ್ನು ಕೇಳುವನು. ಅಪ್ಪ ಅಂಕಯ್ಯನನ್ನು ದೂರುವನು. ಅಂಕಯ್ಯ ಊರ ಅರಳಿಕಟ್ಟೆಯಲ್ಲಿ ದೇವಿರಮ್ಮನನ್ನು ದೂರುತ್ತಿದ್ದಾನೆಂದು ಹಾಲಿನ ಡೈರಿಗೆ ಹೋಗಿ ಬಂದ ಗಗನ ಹೇಳುವಳು. ಹಲಗೂರಿನ ಬೀಗಿತ್ತಿ ಫೋನು ಮಾಡಿ, ಸಾವಿಗೆ ನಾಲ್ಕು ಮಾತು ಮರುಗಿ, ಐದನೆಯದಾಗಿ, "ನಿಮ್ಮನೇಲಿ ಅದ್ಯಾವ್ದೋ ಅರಮನೆ ಬಟ್ಟೆ ಇಡೀತಾರಂತಲ್ಲ, ನಮ್ ಕಡೇರೆಲ್ಲ ನೋಡ್ಬೇಕು ಅಂತವ್ರೆ" ಎಂದಳು. ದೇವಿರಮ್ಮ "ಊಂ" ಎಂದಳು. ಅಷ್ಟು ಚಿಕ್ಕ ಸುಳ್ಳಿಗೆ ಅಷ್ಟು ಬೆವರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಭಾನುವಾರ ಮನೆಯ ಮುಂದೆ ಕಾರು ನಿಂತಿತು. ಇಳಿದವರು ಶುಭಾ, ಫಾರಂನ ವಿಜ್ಞಾನಿ ಸುಧೀಂದ್ರ ಅವರ ಹೆಂಡತಿ, ಮಂಡ್ಯದ ಕಾಲೇಜಿನಲ್ಲಿ ಚರಿತ್ರೆ ಹೇಳುವವರು. ಹಿಂದಿನ ವರ್ಷದ ಮದುವೆಯೊಂದರಲ್ಲಿ ತೆಗೆದ ಗಿಣಿಬಟ್ಟೆಯ ಫೋಟೊವನ್ನು ಸ್ವರೂಪ್ ಅವರಿಗೆ ತೋರಿಸಿದ್ದ. ನೋಡಲು ಬರುತ್ತೇನೆಂದು ಅವರು ಹೇಳಿದ್ದನ್ನು ಅವನು ಮರೆತಿದ್ದ. ಅವರು ಮರೆತಿರಲಿಲ್ಲ. ಅಜ್ಜಿ ತೀರಿಕೊಂಡದ್ದು ತಿಳಿದು ಪೇಚಾಡಿದರು, ಹೊರಟೇಬಿಡುತ್ತೇನೆಂದರು. ದೇವಿರಮ್ಮ ಬಿಡಲಿಲ್ಲ, ಕಾಫಿ ಕೊಟ್ಟಳು.

"ಒಂದೇ ಮಾತು ಹೇಳಿ ಹೋಗ್ತೀನಿ" ಎಂದರು ಶುಭಾ. "ಮೈಸೂರಿನಲ್ಲಿ ತಿಳಿದವರೊಬ್ಬರಿಗೆ ಆ ಫೋಟೊ ಕಳಿಸಿದ್ದೆ. ನಮ್ಮ ಕಡೇದಲ್ಲ ಅದು. ಗುಜರಾತಿನ ಕಚ್ಛ್ ಕಡೆ ಕಸೂತಿ. ಕಡಿಮೆ ಅಂದ್ರೂ ಇನ್ನೂರು ವರ್ಷ ಆಗಿದೆ ಅಂತಾರೆ. ಅಲ್ಲಿ ಚಪ್ಪಲಿ ಹೊಲಿಯೋ ಜನ ಕೊಕ್ಕೆ ಸೂಜೀಲಿ ಚರ್ಮದ ಮೇಲೆ ಹಾಕ್ತಿದ್ದ ಹೊಲಿಗೆ ಅದು. ಕೈ ನೋಡಿ ರಾಜರು ಅವರಿಂದಲೇ ರೇಷ್ಮೆ ಮೇಲೂ ಹಾಕಿಸಿದರು."

"ಚಪ್ಪಲಿ ಹೊಲಿಯೋರು ಮಾಡಿದ್ದಾ?" ಬೋರಯ್ಯ ಎದ್ದು ನಿಂತ. ಆ ಬಟ್ಟೆಯ ಕೆಳಗೆ ಕೂತು ಗೌಡರ ಮನೆತನದ ಹೆಮ್ಮೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದ ಹೆಂಗಸರೆಲ್ಲ ಅವನ ಕಣ್ಣ ಮುಂದೆ ಹಾದುಹೋದರು. "ನಮ್ಮಪ್ಪನ್ಗೆ ಇದು ಗೊತ್ತಾಗಬಾರ್ದು."

"ಅವ್ರು ಓಗಿ ಇಪ್ಪತ್ತು ವರ್ಸ ಆಯ್ತು" ಎಂದಳು ದೇವಿರಮ್ಮ.

"ಆದ್ರೂವೆ."

ಗಗನ ಮುಂದೆ ಬಂದಳು. "ಮೇಡಂ, ಕೊಕ್ಕೆ ಸೂಜಿ ಅಂದ್ರೆ ಆರಿ ವರ್ಕಾ? ಮಂಡ್ಯದಲ್ಲಿ ನನ್ನ ಮದ್ವೆ ಬ್ಲೌಸಿಗೆ ಹಾಕಿಸ್ತಾ ಇರೋದೂ ಅದೇ."

"ಅದೇ ಕಣಮ್ಮ. ಅದರ ಮುತ್ತಜ್ಜಿ ನಿಮ್ಮ ಮನೇಲಿದ್ದಾಳೆ. ಈ ಥರದ್ದು ಇಷ್ಟು ಚೆನ್ನಾಗಿ ಉಳಿದಿರೋದು ತೀರಾ ಅಪರೂಪ. ಸೂತಕ ಕಳೆದ ಮೇಲೆ ಬಂದು ನೋಡ್ತೀನಿ. ಎಲ್ಲಿ ಇಟ್ಟಿದ್ದೀರಿ?"

ಮನೆಯವರು ಒಬ್ಬರನ್ನೊಬ್ಬರು ನೋಡಿದರು.

"ತೋಟದಲ್ಲೈತೆ" ಎಂದಳು ದೇವಿರಮ್ಮ.

"ತೋಟದಲ್ಲಿ? ಬಿಸಿಲಿಗೆ ಹಾಕಿದ್ದೀರಾ?"

"ಊತಿದ್ದೀವಿ."

ಶುಭಾ ನಕ್ಕರು. ಬೇರೆ ಯಾರೂ ನಗದಿದ್ದುದನ್ನು ನೋಡಿ ಲೋಟ ಕೆಳಗಿಟ್ಟರು. ಸ್ವರೂಪ್ ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದ. ಹೆಣಕ್ಕೆ ಹೊದಿಸುವುದು ಕೇಳಿ ಅವರ ಬಾಯಿ ತೆರೆಯಿತು. ಅದನ್ನೇ ಮದುವೆಗೂ ಹಿಡಿಯುವುದು ಕೇಳಿ ಮುಚ್ಚಿತು. ಕೊನೆಯದನ್ನು ಕೇಳಿದಾಗ ಅವರು ಬಹಳ ಮೆಲ್ಲಗೆ ಒಂದೇ ಮಾತು ಕೇಳಿದರು.

"ಉಪ್ಪು ಹಾಕಿದ್ದೀರಾ?"

"ಮೂಟೆಗಟ್ಲೆ" ಎಂದ ಬೋರಯ್ಯ. ತಾಯಿಗೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲವೆಂಬ ಧಾಟಿಯಲ್ಲಿ.

"ರೇಷ್ಮೆಗೆ ಉಪ್ಪು, ಮಳೆ..." ಶುಭಾ ಎದ್ದರು. "ನಾನು ಏನೂ ಹೇಳೋ ಹಾಗಿಲ್ಲ. ನಿಮ್ಮ ತಾಯಿ ಅವರು. ಆದರೆ ಒಂದೊಂದು ದಿನ ಕಳೆದ ಹಾಗೂ ಅಲ್ಲಿ ಉಳಿಯೋದು ಕಡಿಮೆ ಆಗುತ್ತೆ." ಕಾರಿನವರೆಗೆ ಹೋದವರು ಹಿಂದಿರುಗಿ ಮನೆಯನ್ನು ಒಮ್ಮೆ ನೋಡಿದರು. ಕಾಫಿ ಹಾಗೇ ಉಳಿದಿತ್ತು.

ತಿಥಿ ಮುಗಿದ ಮಾರನೆಯ ದಿನ, ಉಳಿದ ಮಾಂಸದ ಸಾರನ್ನು ಬಿಸಿ ಮಾಡಿ ತಿಂದ ಮೇಲೆ, ಜಗಲಿಯಲ್ಲಿ ಪಂಚಾಯಿತಿ ಕೂತಿತು.

"ಊತಿದ್ದನ್ನ ಅಗೆಯೋದು ನರಿ ಕೆಲ್ಸ" ಎಂದ ಅಂಕಯ್ಯ. "ಪೊಲೀಸ್ನೋರಿಗೆ ಗೊತ್ತಾದ್ರೆ ನಮ್ಮನ್ನೂ ಎಳ್ಕೊಂಡೋಯ್ತಾರೆ, ನಿಮ್ಮವ್ವನ್ನೂ ಎಳ್ಕೊಂಡೋಯ್ತಾರೆ."

"ನಮ್ಮ ತೋಟ, ನಮ್ಮಜ್ಜಿ" ಎಂದ ಸ್ವರೂಪ್. "ಮೇಲಿನ ಮಣ್ಣು ಸರಿಸಿ ಬಟ್ಟೆ ಎತ್ಕೊಂಡು ಮುಚ್ಚಿದ್ರೆ ಆಯ್ತು ತಾತ. ಅಜ್ಜಿಗೆ ಏನು ಕಮ್ಮಿ ಆಯ್ತದೆ?"

"ನಿಂಗೆ ಮೀಸೆ ಬಂದದೆ, ಬುದ್ಧಿ ಬಂದಿಲ್ಲ."

"ಬೋರ, ನೀನು ಮಾತಾಡ್ಲಾ" ಎಂದಳು ಇಂದ್ರಮ್ಮ.

ಬೋರಯ್ಯ ಉಗುರು ನೋಡಿಕೊಂಡ. "ಎಲ್ರೂ ಏನಂತೀರೋ ಅದು."

"ನಂಗೆ ಬೇಕು" ಎಂದಳು ದೇವಿರಮ್ಮ. ಎಲ್ಲರೂ ತಿರುಗಿ ನೋಡಿದರು, ಅವಳೂ ಬೆಚ್ಚಿದಳು. ಆದರೆ ಮಾತು ಹೊರಟಾಗಿತ್ತು. "ನನ್ ಮಗಳ ಮೇಲೆ ಅದನ್ನ ಇಡಿಯಾಕಿಲ್ಲ ಅಂದ್ರೆ ಊರೋರು ಏನಂತಾರೆ? ದೇವಿರಮ್ಮ ಯಜಮಾನಿ ಆಗಿದ್ದೇ ತಡ, ಇನ್ನೂರು ವರ್ಸದ ವಸ್ತು ಮಣ್ಣು ಮಾಡುದ್ಲು ಅಂತಾರೆ. ಅಗೀರಿ."

"ಅಮ್ಮ, ನಂಗೋಸ್ಕರ ಅಂದ್ರೆ ಬೇಡ" ಎಂದಳು ಗಗನ.

"ನೀನು ಸುಮ್ಕಿರೇ."

"ಸರಿಯಾಗಂದೆ" ಎಂದಳು ಇಂದ್ರಮ್ಮ. ಬೆಂಬಲ ಸಿಕ್ಕಿದ್ದೇ ಅವಳ ಗಂಟಲು ಏರಿತು. "ನಮ್ಮವ್ವ ಅದ್ರ ಕೆಳಗೆ ಕೂತು ತಾಳಿ ಕಟ್ಟಿಸ್ಕೊಂಡಿದ್ಲು. ನಾನು ಕೂತಿದ್ದೆ. ನೀನು ಕೂತಿದ್ದೆ. ಅದ್ರ ಕೆಳಗೆ ಒಂದಿನಾನೂ ಕೂರದೇ ಇದ್ದೋಳು, ಈಗ ನೋಡು, ಅದ್ನೇ ಹೊದ್ಕೊಂಡು ಮಲಗವ್ಳೆ!"

ಅಂಕಯ್ಯ ಕೆಮ್ಮಿದ.

"ಯಾರು ಕೂರದೇ ಇದ್ದೋರು?" ಎಂದಳು ದೇವಿರಮ್ಮ. "ನಿಮ್ಮವ್ವ ಅಂದ್ರೆ? ಅತ್ತೆ ನಿಮ್ಮವ್ವ ಅಲ್ವಾ?"

"ನಿನ್ ಗಂಡ ಹೇಳಿಲ್ವಾ?" ಇಂದ್ರಮ್ಮ ತಮ್ಮನ ಮುಖ ನೋಡಿದಳು. ಅವನ ಉಗುರುಗಳು ಇನ್ನೂ ಮುಗಿದಿರಲಿಲ್ಲ. "ನಮ್ಮವ್ವ ನಾನು ಕೂಸಾಗಿದ್ದಾಗ್ಲೇ ಸತ್ಲು. ಇವ್ಳು ಮುಂಡೆ ಆಗಿ ತವರಲ್ಲಿ ಕೂತಿದ್ದೋಳು. ನಮ್ಮಪ್ಪ ಕೂಡಾವಳಿ ಮಾಡ್ಕೊಂಡು ಕರ್ಕೊಂಡು ಬಂದ. ಧಾರೆ ಇಲ್ಲ, ವಾಲಗ ಇಲ್ಲ. ಒಂದು ಕಂದು ಬಣ್ಣದ ಕರೇ ಅಂಚಿನ ನೂಲು ಸೀರೆ ಕೊಟ್ಟು, ದೀಪ ಹಚ್ಚೋ ಹೊತ್ನಲ್ಲಿ ಹಿತ್ತಲ ಬಾಗಿಲಿಂದ 'ಬಾರವ್ವ' ಅಂದ್ರು, ಬಂದ್ಲು. ಬೋರ ಹುಟ್ಟಿದ್ದು ಆಮೇಲೆ. ಕೂಡಾವಳಿಯೋಳು ಚಪ್ಪರಕ್ಕೆ ಬರಂಗಿಲ್ಲ, ಮದ್ವೇಲಿ ಬಟ್ಟೆ ಮೂಲೆ ಹಿಡಿಯಂಗಿಲ್ಲ. ಅದ್ಕೇ ಉಗ್ರಾಣದಲ್ಲಿ ಕೂರ್ತಿದ್ದದ್ದು. ಬೆಲ್ಲ ಕಾಯಾಕಾ, ಮಣ್ಣು!"

ಗಗನಳ ಕೈಯಲ್ಲಿದ್ದ ಎಲೆಅಡಿಕೆ ತಟ್ಟೆ ಓರೆಯಾಗಿ ಅಡಿಕೆ ಉರುಳಿದವು. ಯಾರೂ ಹೆಕ್ಕಲಿಲ್ಲ.

ಮಾತು ಮುಂದುವರಿಯಿತು, ಬರುವ ಸೋಮವಾರ ಬೆಳಿಗ್ಗೆ ಅಗೆಯುವುದೆಂದು ತೀರ್ಮಾನವೂ ಆಯಿತು. ದೇವಿರಮ್ಮನಿಗೆ ಏನೂ ಕೇಳಿಸಲಿಲ್ಲ. ಎಲ್ಲರೂ ಹೋದ ಮೇಲೆ ಅವಳು ಗಂಡನ ಮುಂದೆ ಮುದ್ದೆಯ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

"ಯಾಕೆ ಹೇಳ್ಲಿಲ್ಲ?"

"ಹೇಳೋ ಅಂಥದ್ದು ಏನೈತೆ?"

"ನಾನು ಈ ಮನೇಲಿ ಇಷ್ಟು ವರ್ಸದಿಂದ ಬೇಯಿಸ್ತಾ ಇವ್ನಿ. ನನ್ ಮದ್ವೆ ದಿನ ಎಲ್ರೂ ನನ್ನ ನೋಡಾಕೆ ಬಂದ್ರು, ಅತ್ತೆ ಬರ್ಲಿಲ್ಲ. ಸೊಸೆ ಇಷ್ಟ ಇಲ್ಲ ಅಂದ್ಕಂಡೆ ನಾನು. ಇವತ್ತಿನವರ್ಗೂ ಅದ್ನೇ ಅಂದ್ಕಂಡಿದ್ದೆ."

ಬೋರಯ್ಯ ಮುದ್ದೆ ಮುರಿದ. ಸಾರಿಗೆ ಅದ್ದಿದ. ಬಾಯಿಗಿಡಲಿಲ್ಲ. "ಅವ್ವ ಹೇಳ್ಬೇಡ ಅಂದಿದ್ಲು" ಎಂದ. "ಸೊಸೆ ಮುಂದೆ ಚಿಕ್ಕೋಳಾಯ್ತೀನಿ ಅಂತ."

ದೇವಿರಮ್ಮ ಒಳಗೆ ಹೋಗಿ ಟ್ರಂಕು ತೆರೆದಳು. ಕಂದು ಸೀರೆ ಇದ್ದಂತೆಯೇ ಬಿದ್ದಿತ್ತು. ಇಷ್ಟು ವರ್ಷ ಅವಳು ಅದನ್ನು ಸುತ್ತುವ ಚಿಂದಿ ಎಂದುಕೊಂಡಿದ್ದಳು. ಮುಟ್ಟಲು ಹೋದವಳು ಕೈ ಹಿಂದಕ್ಕೆ ಎಳೆದುಕೊಂಡು ಮುಚ್ಚಳ ಹಾಕಿದಳು.

ಆದರೂ ಸೋಮವಾರ ಅಗೆಯುವುದು ಬೇಡ ಎಂದು ಅವಳು ಹೇಳಲಿಲ್ಲ. ಬೀಗಿತ್ತಿ ಮತ್ತೆ ಫೋನು ಮಾಡಿದ್ದಳು. ಮಂಡ್ಯದಿಂದ ಬ್ಲೌಸು ಬಂದಿತ್ತು. ತೋಳಿನ ಮೇಲೆ ಗಗನ ಫೋಟೊ ಕೊಟ್ಟು ಹಾಕಿಸಿದ ಒಂದೊಂದು ಗಿಣಿ ಕೂತಿತ್ತು. "ಮೇಲೆ ಹಿಡಿಯೋದಕ್ಕೂ ಇದಕ್ಕೂ ಮ್ಯಾಚ್ ಆಗ್ಲಿ ಅಂತ ಹಾಕಿಸಿದ್ದೆ" ಎಂದಿದ್ದಳು ಗಗನ, ಕಣ್ಣು ತಪ್ಪಿಸಿ.

ಸೋಮವಾರ ಬಿಸಿಲೇರುವ ಮುಂಚೆ ತೋಟದಲ್ಲಿ ಸೇರಿದರು. ನರಿ ಕೆಲಸ ಎಂದಿದ್ದ ಅಂಕಯ್ಯ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ. ಇಂದ್ರಮ್ಮ ಮೂಗಿಗೆ ಸೆರಗು ಹಿಡಿದು ಗಾಳಿಯ ಮೇಲುಗಡೆ ನಿಂತಳು. ಸ್ವರೂಪ್ ಬಟ್ಟೆಯನ್ನು ಇರಿಸಲು ಶುಭಾ ಆಮೇಲೆ ಹೇಳಿಕೊಟ್ಟಂತೆ ಬಿಳಿ ಪಂಚೆಯೊಂದನ್ನು ಹಾಸಿ, ಫೋನು ಹಿಡಿದಿದ್ದ. ಬೋರಯ್ಯ ಬರಲೊಲ್ಲೆನೆಂದು ನಾಲೆಯ ಏರಿಯ ಮೇಲೆ ಬೆನ್ನು ಹಾಕಿ ಕೂತಿದ್ದ. ಗಗನ ತಾಯಿಯ ಪಕ್ಕದಲ್ಲಿದ್ದಳು.

ಕೆಂಪಸಿದ್ದಯ್ಯ ಗುದ್ದಲಿಗೆ ಕೈ ಮುಗಿದ, ಗುಂಡಿಗೆ ಕೈ ಮುಗಿದ. "ನನ್ ತಪ್ಪೇನಿಲ್ಲ ಕಣವ್ವ, ಇವ್ರು ಹೇಳುದ್ರು" ಎಂದು ಸತ್ತವಳಿಗೆ ವರದಿ ಒಪ್ಪಿಸಿ ಕಾಲಿನ ಕಡೆಯಿಂದ ಶುರು ಮಾಡಿದ. ಹಸಿ ಮಣ್ಣು ಸಲೀಸಾಗಿ ಬಂತು. ಆಮೇಲೆ ಗುದ್ದಲಿ ಬಿಟ್ಟು ಕೈಯಲ್ಲಿ ಬಗೆದ. ಉಪ್ಪು ಬಿಳಿಯಾಗಿ ಕಂಡಿತು. ವಾಸನೆ ಬಂತು, ಇಂದ್ರಮ್ಮ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹೋದಳು.

"ಸಿಕ್ತು" ಎಂದ ಕೆಂಪಸಿದ್ದಯ್ಯ.

ಕಪ್ಪು ಮಣ್ಣಿನ ನಡುವೆ ಅಂಗೈಯಗಲದ ಕೆಂಪು. ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ. ಹಸಿರು ಗಿಣಿಯೊಂದು, ಕೊಕ್ಕು ಸಮೇತ, ನಿನ್ನೆ ಹೊಲಿದಂತೆ ಹೊರಗೆ ಬಂತು. ಎಲ್ಲರ ಬಾಯಿಂದಲೂ ಒಂದೇ ಸಲ ಉಸಿರು ಹೊರಟಿತು.

"ಹಾಳಾಗಿಲ್ಲ! ಹಾಳಾಗಿಲ್ಲ!" ಎಂದು ಸ್ವರೂಪ್ ಕೂಗಿದ.

ಕೆಂಪಸಿದ್ದಯ್ಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ನೋಡಿದ. ಅಂಕಯ್ಯನನ್ನಲ್ಲ, ಸ್ವರೂಪನನ್ನಲ್ಲ, ಗುಂಡಿಯ ಅಂಚಿನಲ್ಲಿ ನಿಂತಿದ್ದ ದೇವಿರಮ್ಮನನ್ನು. ಅವಳು ನಿಂತಿದ್ದದ್ದು ಸರಿಯಾಗಿ ಚಿಕ್ಕತಾಯಮ್ಮ ನಿಲ್ಲುತ್ತಿದ್ದ ಜಾಗದಲ್ಲಿ, ಕೆಸರಾಗದಿರಲೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಅಕ್ಕಾ, ಹೇಳಿ. ತಗೀಲಾ?"

ಇಡೀ ತೋಟ ಕಾಯಿತು. ಈ ಸಲ ಯಾರಿಗೆ ಕಾಯುತ್ತಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು.

ದೇವಿರಮ್ಮ ಆ ಗಿಣಿಯನ್ನು ನೋಡಿದಳು. ಎಷ್ಟು ಸಲ ಆ ಬಟ್ಟೆ ಅತ್ತೆಯ ಕೈದಾಟಿ ಚಪ್ಪರಕ್ಕೆ ಹೋಗಿತ್ತು. ಎಷ್ಟು ಸಲ ವಾಪಸು ಬಂದಿತ್ತು.

"ಮುಚ್ಚು" ಎಂದಳು.

"ಏನಂದೆ?" ಎಂದ ಅಂಕಯ್ಯ.

"ಮುಚ್ಚಪ್ಪ ಸಿದ್ದಯ್ಯ. ಅವ್ರ ಬಟ್ಟೆ ಅವ್ರ ಮೇಲಿರ್ಲಿ."

"ಅಮ್ಮಾ! ಇನ್ನೂರು ವರ್ಷದ್ದು!" ಸ್ವರೂಪ್ ಒಂದು ಹೆಜ್ಜೆ ಮುಂದೆ ಬಂದ. "ಶುಭಾ ಮೇಡಂಗೆ ನಾನೇನು ಹೇಳ್ಲಿ?"

"ಅತ್ತೇನೂ ಎಂಬತ್ತು ವರ್ಸದೋರೇ ಕಣ್ಲಾ. ಅವರ್ದೂ ಇನ್ನೊಂದಿಲ್ಲ."

"ತಲೆ ಕೆಟ್ಟದಾ ನಿಂಗೆ?" ಇಂದ್ರಮ್ಮ ಮೂಗಿನ ಸೆರಗು ಬಿಟ್ಟು ಓಡಿಬಂದಳು. "ಅಗೀರಿ ಅಂದೋಳು ನೀನೇ! ಮೂರು ದಿನಕ್ಕೊಂದು ಮಾತಾ?"

"ನಂದು ಇದೇ ಮೊದಲ್ನೇ ಮಾತು ಅತ್ಗೆ" ಎಂದಳು ದೇವಿರಮ್ಮ. "ಅವತ್ತಿಂದು ಊರೋರ್ದು."

ಕೆಂಪಸಿದ್ದಯ್ಯ ಮೂಲೆಯನ್ನು ಮೊದಲಿದ್ದಂತೆಯೇ ಮಡಿಸಿ ಇಟ್ಟು, ಕೈಯಿಂದಲೇ ಮಣ್ಣು ಎಳೆದ. ಸ್ವರೂಪ್ ಫೋನು ಜೇಬಿಗೆ ಹಾಕಿಕೊಂಡು ಪಂಚೆ ಸುತ್ತಿದ. ಏರಿಯ ಮೇಲೆ ಬೆನ್ನು ಹಾಕಿ ಕೂತಿದ್ದ ಬೋರಯ್ಯನ ಹೆಗಲು ಅಲುಗುತ್ತಿತ್ತು. ತಾಯಿ ಸತ್ತ ದಿನವೂ ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

"ಮದ್ವೇಲಿ ಏನ್ ಇಡೀತೀಯ ಈಗ? ಹಲಗೂರ್ನೋರ ಮುಂದೆ ಬರೀ ಕೈ ಇಡೀತೀಯಾ?" ಎಂದು ಇಂದ್ರಮ್ಮ ಬಸ್ಸು ನಿಲ್ದಾಣದವರೆಗೂ ಕೇಳಿಕೊಂಡೇ ಹೋದಳು.

ಅದು ಕೇಳಬೇಕಾದ ಪ್ರಶ್ನೆಯೇ. ಸ್ನಾನ ಮಾಡಿ ಒಲೆಯ ಮುಂದೆ ಕೂತ ದೇವಿರಮ್ಮ ಅದನ್ನೇ ಯೋಚಿಸುತ್ತಿದ್ದಳು. ಬೀಗಿತ್ತಿಗೆ ಏನು ಹೇಳುವುದು? ಹೊಸ ರೇಷ್ಮೆ ಸೀರೆ ಹಿಡಿದರಾಯಿತೇ? ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಗಗನ ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ಟ್ರಂಕಲ್ಲಿ ಆ ಕಂದು ಸೀರೆ ಐತಲ್ಲ."

"ಅದಕ್ಕೇನೀಗ?"

"ಅದನ್ನ ಹಿಡೀರಿ ನನ್ನ ಮೇಲೆ."

ದೇವಿರಮ್ಮನ ಕೈಯಿಂದ ಊದುಕೊಳವೆ ಬಿತ್ತು. "ಬುಡ್ತು ಅನ್ನು! ಬುಡ್ತು ಅನ್ನೇ ಮೊದ್ಲು! ಕೂಡಾವಳಿ ಸೀರೇನ ಧಾರೆಗಾ? ನಿಮ್ಮ ಇಂದ್ರಮ್ಮತ್ತೆ ಕೇಳುದ್ರೆ ಎದೆ ಒಡ್ಕೊಂಡು ಸಾಯ್ತಾಳೆ! ಜನ ಏನಂತಾರೆ?"

ಗಗನ ಬಿಡ್ತು ಅನ್ನಲಿಲ್ಲ. ಒಲೆಯ ಬೆಂಕಿಯನ್ನು ನೋಡುತ್ತ ಕೂತಿದ್ದಳು. "ಈ ಮನೇಗೆ ಬಂದೋರಲ್ಲಿ ಅಜ್ಜಿಯಷ್ಟು ಗಟ್ಟಿಯಾಗಿ ನಿಂತೋರು ಯಾರಮ್ಮ?" ಎಂದಳು. "ಬೀಗಿತ್ತಿ ಕೇಳಿದ್ರೆ ಹಳೇದು ಅನ್ನು. ಸುಳ್ಳೇನಲ್ವಲ್ಲ."

ಸಾರು ಉಕ್ಕಿತು. ದೇವಿರಮ್ಮ ಇಳಿಸಿದಳು. ಮಗಳನ್ನು ನೋಡಿದಳು. ಆಮೇಲೆ ಒಲೆಯಿಂದ ನಾಲ್ಕು ಕೆಂಡ ತೆಗೆದು ತಟ್ಟೆಗೆ ಹಾಕಿ, ಮೇಲೆ ಸಾಂಬ್ರಾಣಿ ಉದುರಿಸಿ, ಸೊಂಟದ ಬೀಗದ ಕೈ ಬಿಚ್ಚುತ್ತ ಎದ್ದಳು.

"ಕೂತೇ ಇರ್ತೀಯಾ? ಬಾ, ಹೊಗೆ ಕೊಡ್ಬೇಕು" ಎಂದಳು. "ಆ ಕಡೆ ಮೂಲೆ ನೀನು ಇಡ್ಕೊ."